ದಾರಕ್ಕೆ ಸವರಿದ ಮೇಣ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಎಂಟಕ್ಕೆ ಗುಳಿಗೆ ಕೊಟ್ಟೆ. ಹನ್ನೆರಡಕ್ಕೆ ಕೊಟ್ಟೆ. ನಾಲ್ಕಕ್ಕೆ ಕೊಟ್ಟೆ, ಹತ್ತು ನಿಮಿಷ ತಡ.

ಇಷ್ಟು ಬರೆದರೆ ಸಾಕು ಎಂದು ಆಸ್ಪತ್ರೆಯ ನರ್ಸು ಈ ನೋಟುಬುಕ್ಕು ಕೊಟ್ಟಿದ್ದಾಳೆ. ದಿನಕ್ಕೊಂದು ಪುಟ, ಪುಟಕ್ಕೆ ಮೂರು ಸಾಲು, ಮಿಕ್ಕಿದ್ದು ಖಾಲಿ ಬಿಡಬೇಕಂತೆ. ನಾಲ್ಕನೇ ಕ್ಲಾಸಿಗೆ ನನ್ನನ್ನು ಶಾಲೆ ಬಿಡಿಸಿದಾಗ ನನ್ನ ಪುಸ್ತಕದಲ್ಲಿ ಇನ್ನೂ ಹನ್ನೊಂದು ಹಾಳೆ ಖಾಲಿ ಇತ್ತು. ಅದನ್ನು ತಮ್ಮನಿಗೆ ಕೊಟ್ಟರು. ಆ ಸಿಟ್ಟು ಇನ್ನೂ ಆರಿಲ್ಲ. ಈ ಹಾಳೆಗಳನ್ನು ನಾನು ಯಾರಿಗೂ ಬಿಡುವುದಿಲ್ಲ. ಯಾರಿಗೂ ತೋರಿಸುವುದೂ ಇಲ್ಲ.

ಗುಳಿಗೆ ಸೊಸೆಗೆ. ಎದೆಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿ ಇರುತ್ತದಂತೆ. ಮಕ್ಕಳಾಗಿದ್ದಾಗ ದೊಡ್ಡದಾಗಿದ್ದು, ಮೈಗೆ ಕಾವಲು ಕಾಯುವುದನ್ನು ಕಲಿಸಿಕೊಟ್ಟು, ನಾವು ಬೆಳೆದ ಮೇಲೆ ಸದ್ದಿಲ್ಲದೆ ಕುಗ್ಗಿಹೋಗುತ್ತದಂತೆ. ಕೆಲಸ ಮುಗಿದ ಮೇಲೆ ಸುಮ್ಮನೆ ಮೂಲೆಗೆ ಸರಿಯುವ ಗುಣ ಈ ಮನೆಯಲ್ಲಿ ಯಾರಿಗೂ ಇಲ್ಲ, ನನಗಂತೂ ಇಲ್ಲ. ಇವಳ ಗ್ರಂಥಿಗೂ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ಅದರಲ್ಲಿ ಗಡ್ಡೆ ಬೆಳೆಯಿತು. ಎದೆ ಸೀಳಿ ತೆಗೆದರು. ಗಡ್ಡೆ ಹೋಯಿತು, ಅದು ಜೊತೆಗೆ ಕರೆತಂದ ಇನ್ನೊಂದು ಕಾಯಿಲೆ ಉಳಿಯಿತು. ಸಂಜೆಯಾಗುತ್ತಲೇ ರೆಪ್ಪೆ ಜೋಲುತ್ತದೆ, ತೋಳು ಸೋಲುತ್ತದೆ, ಮಾತು ಮೂಗಿನಿಂದ ಬರುತ್ತದೆ. ಗುಳಿಗೆ ಅದಕ್ಕೆ. ಈಗ ಗಡ್ಡೆಯೂ ಮರಳಿ ಬಂದಿದೆ, ಶ್ವಾಸಕೋಶದ ಹೊರಪದರದ ಮೇಲೆ ಚೂರುಚೂರಾಗಿ. ಆರು ಸಲ ಔಷಧಿ ಏರಿಸಿದರು. ಕೂದಲು ಹೋಯಿತು, ಗಡ್ಡೆ ಹೋಗಲಿಲ್ಲ.

ಮಗ ಮನೆಮನೆಯ ಕರೆಂಟು ಮೀಟರು ಓದುವವನು, ಆರಕ್ಕೇ ಹೊರಡುತ್ತಾನೆ. ಮೊಮ್ಮಗಳು ಗುಬ್ಬಿ ಶಾಲೆಗೆ. ಹಗಲೆಲ್ಲ ಮನೆಯಲ್ಲಿ ನಾನು ಮತ್ತು ಆ ಮಹಾರಾಯಿತಿ. ಅವಳು ಮಲಗುತ್ತಾಳೆ, ನಾನು ಕಾಜಾ ಹಾಕುತ್ತೇನೆ.

ಮೂಲೆಯ ದರ್ಜಿ ಅಂಗಡಿಯಲ್ಲಿ ಕಾಜಾ ಹಾಕುವ ಮಿಷನ್ ಇದೆ. ಆದರೆ ದುಬಾರಿ ಅಂಗಿ ಹೊಲಿಸುವವರು ಗುಂಡಿಯ ತೂತಿಗೆ ಕೈಹೊಲಿಗೆಯೇ ಬೇಕು ಅನ್ನುತ್ತಾರೆ. ಇವತ್ತು ಎರಡು ಅಂಗಿ ಮುಗಿಸಿದೆ. ದಾರಕ್ಕೆ ಮೇಣ ಸವರಿಕೊಂಡರೆ ಗಂಟು ಬೀಳುವುದಿಲ್ಲ, ಎಳೆ ಬಿಡುವುದಿಲ್ಲ. ಮನೆ ಬದಲಿಸಿದಾಗ ನನ್ನ ಹಳೆಯ ಮೇಣದುಂಡೆ ಕಳೆದುಹೋಯಿತು. ಮೇಜಿನ ಡ್ರಾಯರಿನ ತಳದಲ್ಲಿ ಬಿಳಿ ಮೇಣದ ಒಂದು ಬಿಲ್ಲೆ ಸಿಕ್ಕಿತು, ಹಿಂಬದಿಗೆ ಪ್ಲಾಸ್ಟಿಕ್ ಜಾಲರಿ ಅಂಟಿಕೊಂಡಿದ್ದು. ಹಿಡಿಯಲು ಅನುಕೂಲ. ಎರಡು ತಿಂಗಳಿಂದ ಅದರಲ್ಲೇ ಸಾಗುತ್ತಿದೆ. ಈ ಮನೆಯಲ್ಲಿ ಬೇಡದ್ದೆಲ್ಲ ಡ್ರಾಯರಿನಲ್ಲಿ, ಬೇಕಾದದ್ದು ಯಾವತ್ತೂ ಕೈಗೆ ಸಿಗುವುದಿಲ್ಲ.

ಮಾರ್ಚ್ 7, ಶುಕ್ರವಾರ

ಎಂಟು, ಹನ್ನೆರಡು, ನಾಲ್ಕು. ಹೊತ್ತಿಗೆ ಸರಿಯಾಗಿ.

ಸಂಜೆ ಹಾಲಿನ ಪಾತ್ರೆ ಅವಳ ಕೈಯಿಂದ ಜಾರಿತು. ನೆಲವೆಲ್ಲ ಹಾಲು. ಒರೆಸುತ್ತ ಸುಮ್ಮನಿರಬೇಕಿತ್ತು, ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಬೆಳಿಗ್ಗೆ ಗಟ್ಟಿಮುಟ್ಟಾಗಿ ಓಡಾಡುವವಳಿಗೆ ಸಂಜೆಗೇ ಹೇಗೆ ಕೈ ಸೋಲುತ್ತದೋ, ಪಾತ್ರೆ ತೊಳೆಯುವ ಹೊತ್ತು ನೋಡಿಕೊಂಡು ಬರುವ ಕಾಯಿಲೆ ಇದು, ನಾಟಕದ ಹಾಗೆ, ಎಂದುಬಿಟ್ಟೆ. ಕಾಯಿಲೆಗೆ ಹೆಸರು ಸಿಗುವ ಮೊದಲು ಎರಡು ವರ್ಷ ಇದೇ ಮಾತು ಆಡಿದ್ದೆ. ಹೆಸರು ಸಿಕ್ಕ ಮೇಲೂ ನಾಲಿಗೆಗೆ ಹಳೆಯ ದಾರಿಯೇ ರೂಢಿ.

ಅವಳು ಗೋಡೆಗೆ ಒರಗಿ, ತೋರುಬೆರಳಿನಿಂದ ಬಲಗಣ್ಣಿನ ರೆಪ್ಪೆ ಎತ್ತಿ ಹಿಡಿದು ನನ್ನನ್ನು ನೋಡಿದಳು.

"ನಾಟಕ ಆಗಿದ್ರೆ ಟಿಕೆಟ್ ಇಡ್ತಿದ್ದೆ ಅತ್ತೆ. ನೀವೊಬ್ರೇ ದಿನಾ ಬಂದು ಮುಂದಿನ ಸಾಲಲ್ಲಿ ಕೂತ್ಕೋತೀರಿ."

ಒರೆಸಿದ ಬಟ್ಟೆ ಹಿಂಡಲು ಬಚ್ಚಲಿಗೆ ಹೋದೆ.

ಆಮೇಲೆ ಮತ್ತೆ ಕನ್ನಡಕದ ರಾಗ ತೆಗೆದಳು. ಅವಳು ಹದಿನೈದು ವರ್ಷ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ ಮಾಡಿದವಳು. ಹೋದ ವರ್ಷ ನನ್ನ ಕಣ್ಣು ಅಳೆಸಿ, ತಾನೇ ಗಾಜು ಉಜ್ಜಿ, ಹೊಸ ಕನ್ನಡಕ ಮಾಡಿ ತಂದಳು. ನಾನು ಕೇಳಿರಲಿಲ್ಲ. ಅದು ಡಬ್ಬಿಯಲ್ಲೇ ಇದೆ. ನನ್ನ ಹಳೆಯದಕ್ಕೆ ಒಂದು ಕಡ್ಡಿ ಇಲ್ಲ, ದಾರ ಕಟ್ಟಿಕೊಂಡಿದ್ದೇನೆ, ಗಾಜಿನ ಮೇಲೆ ಗೀರು. ಆದರೆ ಏನಂತೆ? ಕಾಜಾ ಹಾಕುವುದು ಬೆರಳಿನಿಂದ, ಕಣ್ಣಿನಿಂದಲ್ಲ. ಈ ಪುಸ್ತಕದಲ್ಲೂ ಒಂದು ಗೆರೆ ಬಿಟ್ಟು ಒಂದು ಗೆರೆ ದಪ್ಪಗೆ ಬರೆಯುತ್ತೇನೆ, ಓದಲು ತೊಂದರೆಯಿಲ್ಲ.

ಮಾರ್ಚ್ 12, ಬುಧವಾರ

ಮೂವರೂ ಆಸ್ಪತ್ರೆಗೆ ಹೋಗಿದ್ದೆವು. ಡಾಕ್ಟರಮ್ಮ ಸಣ್ಣ ವಯಸ್ಸಿನವಳು, ಕಾಗದದ ಮೇಲೆ ಚಿತ್ರ ಬರೆದು ಹೇಳುತ್ತಾಳೆ. ನನಗೂ ಕುರ್ಚಿ ಹಾಕಿಸಿದಳು, ಅದಕ್ಕೆ ಒಂದು ಅಂಕ.

ಅವಳು ಹೇಳಿದ್ದು ನನಗೆ ತಿಳಿದ ಮಟ್ಟಿಗೆ ಇದು. ಮಾಮೂಲಿ ಔಷಧಿ ಸೋತಿದೆ. ಮೈಯ ಕಾವಲನ್ನು ಕೆರಳಿಸಿ ಗಡ್ಡೆಯ ಮೇಲೆ ಬಿಡುವ ಹೊಸ ಇಂಜೆಕ್ಷನ್ ಒಂದಿದೆ. ಆದರೆ ಇವಳ ಕಾವಲು ಮೊದಲೇ ಹಾದಿ ತಪ್ಪಿ ತನ್ನ ಸ್ನಾಯುಗಳ ಮೇಲೇ ಎಗರುತ್ತಿದೆ, ರೆಪ್ಪೆ ಜೋಲುವುದು ಅದರಿಂದಲೇ. ಇನ್ನೂ ಕೆರಳಿಸಿದರೆ ಉಸಿರೇ ನಿಂತೀತು. ಆದ್ದರಿಂದ ಆ ಬಾಗಿಲು ಮುಚ್ಚಿತು. ಕಣ್ಣು ಕಟ್ಟಿಕೊಂಡು ಮತ್ತೊಂದು ವಿಷ ಏರಿಸುವ ಬದಲು ಗಡ್ಡೆಯ ಜೀನುಗಳನ್ನು ಓದಿಸೋಣ ಎಂದಳು. ಈ ಜಾತಿಯ ಗಡ್ಡೆಯಲ್ಲಿ ಕೆಲವರಿಗೆ, ಎಲ್ಲರಿಗೂ ಅಲ್ಲ, ಒಂದು ಗುರುತು ಬದಲಾಗಿರುತ್ತದೆ. ಯಾವುದು ಎಂದು ಗೊತ್ತಾದರೆ ಅದಕ್ಕೇ ಸರಿಹೊಂದುವ ಗುಳಿಗೆ ಇರಬಹುದು.

ನಾನು ದರ್ಜಿಯ ಅಚ್ಚುಕಾಗದ ನೆನೆಸಿಕೊಂಡೆ. ಒಂದು ಕಾಗದ ಇಟ್ಟುಕೊಂಡು ಸಾವಿರ ಅಂಗಿ ಕತ್ತರಿಸುತ್ತಾರೆ. ಎಲ್ಲೋ ಒಂದು ಗೆರೆ ಸೊಟ್ಟ ಬಿದ್ದರೆ ಆಮೇಲಿನ ಅಂಗಿಗಳೆಲ್ಲ ಅದೇ ಸೊಟ್ಟ ಹೊತ್ತು ಬರುತ್ತವೆ. ಯಾವ ಗೆರೆ ಎಂದು ಗೊತ್ತಿಲ್ಲದೆ ಅಂಗಿಗಳನ್ನು ಸುಡುತ್ತಾ ಕೂತರೆ ಆಗುವ ಕೆಲಸವಲ್ಲ. ಇದನ್ನು ಹೇಳಿದೆ. ಡಾಕ್ಟರಮ್ಮ ತನ್ನ ಚಿತ್ರ ಪಕ್ಕಕ್ಕಿಟ್ಟು, ಇನ್ನು ಮುಂದೆ ಹೀಗೇ ಹೇಳುತ್ತೇನೆ ಎಂದಳು. ಸೊಸೆ ನನ್ನ ಕಡೆ ತಿರುಗಿ ನೋಡಿದಳು.

ಆದರೆ ಓದಲು ಗಡ್ಡೆಯ ತುಣುಕು ಬೇಕು. ಹೊಸ ಚೂರುಗಳಿಗೆ ಸೂಜಿ ಹಾಕಿದ್ದರು, ಬಂದದ್ದು ಸತ್ತ ಮಾಂಸ. ಮತ್ತೆ ಪ್ರಜ್ಞೆ ತಪ್ಪಿಸಿ ಎದೆ ತೆರೆದರೆ ಅವಳ ಉಸಿರಿನ ಸ್ನಾಯು ತಡೆಯುವುದಿಲ್ಲ. ಉಳಿದದ್ದು ನಾಲ್ಕು ವರ್ಷದ ಹಿಂದೆ ತೆಗೆದ ಗಡ್ಡೆ. ಅದರ ತುಣುಕುಗಳನ್ನು ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರಂತೆ, ಎಷ್ಟು ವರ್ಷವಾದರೂ ಕೆಡುವುದಿಲ್ಲವಂತೆ. ಆಗ ಆಪರೇಷನ್ ಮಾಡಿದ ಹಳೆಯ ಆಸ್ಪತ್ರೆಯಲ್ಲಿದ್ದವು ಉಗ್ರಾಣಕ್ಕೆ ನೀರು ನುಗ್ಗಿದ ವರ್ಷ ಹೋದವು. ಆದರೆ ಆಗ ಬೇರೆ ಡಾಕ್ಟರಿಗೆ ತೋರಿಸಲೆಂದು ಮಗ ಎರಡನ್ನು ಕೇಳಿ ಪಡೆದಿದ್ದ. ಒಂದು ಪರೀಕ್ಷೆಗೆ ಖರ್ಚಾಗಿತ್ತು. ಇನ್ನೊಂದು ಮನೆಯಲ್ಲೇ ಇದೆ, ಹುಡುಕಿ ತರುತ್ತೇನೆ ಎಂದ.

ಹೇಗಿರುತ್ತದೆ ಎಂದು ತೋರಿಸಲು ಡಾಕ್ಟರಮ್ಮ ಕಪಾಟಿನಿಂದ ಒಂದನ್ನು ತೆಗೆದು ಮೇಜಿನ ಮೇಲಿಟ್ಟಳು.

ಬಿಳಿ ಮೇಣದ ಬಿಲ್ಲೆ. ಹಿಂಬದಿಗೆ ಪ್ಲಾಸ್ಟಿಕ್ ಜಾಲರಿ.

ಇವತ್ತು ಇನ್ನು ಬರೆಯುವುದಿಲ್ಲ.

ಮಾರ್ಚ್ 13, ಗುರುವಾರ

ಎಂಟು, ಹನ್ನೆರಡು, ನಾಲ್ಕು.

ಮಗ ರಜೆ ಹಾಕಿ ಮನೆಯೆಲ್ಲ ಜಾಲಾಡಿದ. ಡ್ರಾಯರು ಹೊರಗೆಳೆದು ಬೋರಲು ಹಾಕಿದ. ಬಿಲ್ಲೆ ಇಟ್ಟಿದ್ದ ಕವರು ಸಿಕ್ಕಿತು, ತಳ ಹರಿದು. ನಾನು ಮಂಚದ ತುದಿಯಲ್ಲಿ ಹೊಲಿಗೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದೆ. ಅಮ್ಮಾ, ನೀನು ಎಲ್ಲಾದರೂ ನೋಡಿದ್ದೀಯಾ ಎಂದು ಎರಡು ಸಲ ಕೇಳಿದ. ನನ್ನ ಕಣ್ಣಿಗೆ ಏನು ಕಾಣುತ್ತದೆ ಎಂದೆ. ಅದು ಸುಳ್ಳಲ್ಲ ಎಂದು ಆ ಕ್ಷಣಕ್ಕೆ ಅನ್ನಿಸಿತು.

ಅವನು ಹಳೆಯ ಬಾಡಿಗೆ ಮನೆಯವರನ್ನು ಕೇಳಲು ಹೋದ ಮೇಲೆ ಬಚ್ಚಲ ಬಾಗಿಲು ಹಾಕಿಕೊಂಡು ಬಿಲ್ಲೆಯನ್ನು ಬೆಳಕಿಗೆ ಹಿಡಿದೆ. ಪ್ಲಾಸ್ಟಿಕ್ಕಿನ ಓರೆ ಅಂಚಿನ ಮೇಲೆ ಏನೋ ಇರುವೆ ಸಾಲಿನಂತೆ ಕಂಡಿತು. ಓದಲಾಗಲಿಲ್ಲ. ಹೊರಗೆ ಬಂದು ಡಬ್ಬಿಯಿಂದ ಆ ಹೊಸ ಕನ್ನಡಕ ತೆಗೆದು ಹಾಕಿಕೊಂಡು ಮತ್ತೆ ಒಳಗೆ ಹೋದೆ.

ಅವಳ ಹೆಸರು. ಒಂದು ನಂಬರು. ಆಪರೇಷನ್ನಿನ ತಾರೀಖು. ಎಲ್ಲ ಅಚ್ಚುಕಟ್ಟಾಗಿ ಬರೆದಿತ್ತು, ಎರಡು ತಿಂಗಳೂ ಬರೆದೇ ಇತ್ತು.

ಮೇಣದ ಮಧ್ಯೆ ಅಂಗಿಯ ಗುಂಡಿಯಷ್ಟು ಅಗಲದ ಮಾಸಲು ಕಲೆ. ಅದೇ ಅವಳ ಮಾಂಸ. ಅದರ ಮೇಲೆ ನನ್ನ ದಾರ ಕೊರೆದ ಗೀರುಗಳು, ಒಂಬತ್ತು. ಮೂರು ಆಳವಾಗಿ ಕಲೆಯನ್ನೇ ಹಾದು ಹೋಗಿವೆ. ಗೀರಿನೊಳಗೆ ನೀಲಿ ನೂಲಿನ ಎಳೆ.

ಮಾರ್ಚ್ 14, ಶುಕ್ರವಾರ

ಎಂಟಕ್ಕೆ ಕೊಟ್ಟೆ. ಹನ್ನೆರಡಕ್ಕೆ ಮರೆತೆ. ಅದನ್ನೇ ಬರೆಯಬೇಕು.

ಇಸ್ತ್ರಿ ಪೆಟ್ಟಿಗೆ ಬಿಸಿಗಿಟ್ಟಿದ್ದೆ. ನನ್ನ ಲೆಕ್ಕಾಚಾರ ಹೀಗಿತ್ತು: ಕಾವು ತಾಗಿಸಿದರೆ ಮೇಣ ಕರಗಿ ಗೀರು ಮುಚ್ಚಿಕೊಳ್ಳುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ, ಡ್ರಾಯರಿನ ಹಿಂದಿನ ಸಂದಿಯಲ್ಲಿ ಇಟ್ಟರೆ ಸಂಜೆ ಮಗನಿಗೇ ಸಿಗುತ್ತದೆ. ಯಾರಿಗೂ ಏನೂ ತಿಳಿಯುವುದಿಲ್ಲ. ಬಟ್ಟೆಯ ಮೇಲಿನ ಎಷ್ಟೋ ತಪ್ಪುಗಳನ್ನು ನಾನು ಹೀಗೆ ಇಸ್ತ್ರಿಯಲ್ಲಿ ಮುಚ್ಚಿದ್ದೇನೆ. ಬಿಲ್ಲೆಯನ್ನು ಎಡಗೈಯಲ್ಲಿ ಹಿಡಿದು ಇಸ್ತ್ರಿಯನ್ನು ಹತ್ತಿರ ತಂದೆ. ಮೇಣದ ಒಂದು ಮೂಲೆ ಬೆವರಿತು.

ಅಷ್ಟರಲ್ಲಿ ಅವಳು ಬಾಗಿಲಲ್ಲಿ. ಎರಡೂ ರೆಪ್ಪೆ ಇಳಿದುಬಿಟ್ಟಿದ್ದವು, ಗೋಡೆ ತಡವಿಕೊಂಡು ಬಂದಿದ್ದಳು. ಗುಳಿಗೆ ಕೊಡಲಿಲ್ಲವಲ್ಲ, ನೀವು ಮರೆಯುವವರಲ್ಲ, ಹುಷಾರಾಗಿದ್ದೀರಾ ಎಂದು ನೋಡಲು ಬಂದೆ ಎಂದಳು. ನನ್ನ ಹುಷಾರು ಕೇಳಲು ಬಂದಿದ್ದಳು.

ಇಸ್ತ್ರಿ ಆರಿಸಿದೆ. ಗುಳಿಗೆ ಕೊಟ್ಟೆ, ನೀರು ಕೊಟ್ಟೆ. ರೆಪ್ಪೆ ಏಳಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ಪಕ್ಕದಲ್ಲಿ ಕೂತೆ. ಅವಳ ಕಣ್ಣು ತೆರೆಯುವ ಮೊದಲೇ ಹೇಳಿ ಮುಗಿಸಬೇಕು ಎಂದುಕೊಂಡಿದ್ದೆ. ಕೊನೆಗೆ ಬಿಲ್ಲೆಯನ್ನು ಅವಳ ಅಂಗೈ ಮೇಲಿಟ್ಟೆ. ದಾರಕ್ಕೆ ಸವರುತ್ತಿದ್ದೆ, ಮೇಣ ಅಂದುಕೊಂಡಿದ್ದೆ ಎಂದೆ.

ಅವಳು ಉಗುರಿನಿಂದ ಗೀರುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಬಯ್ಯಲಿ ಎಂದು ಕಾದೆ. ಬಯ್ದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

"ಎಷ್ಟು ಅಂಗಿ ಆಯ್ತು ಅತ್ತೆ, ಇದರಲ್ಲಿ?"

"ಎಣಿಸಿಲ್ಲ. ಅರವತ್ತಿರ್ಬೋದು."

"ಹಾಗಾದ್ರೆ ಊರಲ್ಲಿ ಅರವತ್ತು ಜನ ನನ್ನನ್ನ ಎದೆ ಮೇಲೆ ಹಾಕ್ಕೊಂಡು ಓಡಾಡ್ತಿದಾರೆ."

ನಗಲು ನೋಡಿದಳು. ಗುಳಿಗೆ ತಪ್ಪಿದ ದಿನ ಅವಳ ಮುಖ ನಗುವುದಿಲ್ಲ, ತುಟಿಯ ಮೂಲೆ ಮೇಲೇಳುವುದಿಲ್ಲ. ಕಣ್ಣೀರು ಮಾತ್ರ ಯಾವ ಸ್ನಾಯುವಿನ ಹಂಗೂ ಇಲ್ಲದೆ ಬಂತು.

ಆಮೇಲೆ ಅವಳು ಯೋಚಿಸಿದಳು. ಅವಳು ಯೋಚಿಸುವುದನ್ನು ನಾನು ಪಕ್ಕದಲ್ಲಿ ಕೂತು ನೋಡಿದ್ದು ಇದೇ ಮೊದಲು. ನಿಮ್ಮ ಮಗನಿಗೆ ನಾನೇ ಹೊಲಿಗೆ ಪೆಟ್ಟಿಗೆಯಲ್ಲಿ ಹಾಕಿದ್ದೆ ಅನ್ನುತ್ತೇನೆ, ಆದರೆ ಪರೀಕ್ಷೆ ಮಾಡುವವರಿಗೆ ಮಾತ್ರ ಇದ್ದದ್ದು ಇದ್ದ ಹಾಗೆ ನೀವೇ ಹೇಳಬೇಕು, ಬೆರಳು, ದಾರ, ಇಸ್ತ್ರಿ ಎಲ್ಲ, ಎಂದಳು. ಯಾಕೆಂದರೆ ಅದರ ಮೇಲೆ ನಿಮ್ಮ ಬೆರಳಿನ ಚರ್ಮವೂ ಅಂಟಿರುತ್ತದೆ. ಹೇಳದೆ ಕೊಟ್ಟರೆ ಯಂತ್ರ ನನ್ನ ಜೊತೆ ನಿಮ್ಮನ್ನೂ ಓದಿಬಿಡುತ್ತದೆ, ತಪ್ಪು ಗುಳಿಗೆ ಬರುತ್ತದೆ.

ಗಾಜು ಉಜ್ಜುವವಳ ಬುದ್ಧಿ. ಒಂದು ಕೂದಲಷ್ಟು ಹೆಚ್ಚುಕಮ್ಮಿ ಆಗಬಾರದು.

ಮಾರ್ಚ್ 15, ಶನಿವಾರ

ಮಗನಿಗೆ ನಾನೇ ಹೇಳಿದೆ. ಅವಳು ಬಾಯಿ ತೆರೆಯುವ ಮೊದಲು ಹೇಳಿಬಿಟ್ಟೆ. ನನ್ನ ತಪ್ಪನ್ನು ಇನ್ನೊಬ್ಬರು ಹೊರುವುದು ನನಗೆ ಹಿಡಿಸುವುದಿಲ್ಲ, ಅಷ್ಟೆ.

ಅವನು ಊಟದ ತಟ್ಟೆ ಮುಂದಿಟ್ಟುಕೊಂಡು ಕೂತ, ಉಣ್ಣಲಿಲ್ಲ. ಡ್ರಾಯರಿನಲ್ಲಿ ಹಾಕಿ ಮರೆತವನು ನಾನು ಎಂದ. ಆಮೇಲೆ ನನ್ನ ಜೊತೆ ಮಾತಿಲ್ಲ.

ಮಾರ್ಚ್ 17, ಸೋಮವಾರ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಮೇಣ ಕತ್ತರಿಸುವ ಕೋಣೆ. ಕಿಟಕಿಯಿಲ್ಲ, ಟ್ಯೂಬ್‌ಲೈಟು, ಬಿಸಿ ಮೇಣದ ವಾಸನೆ. ಅಲ್ಲಿನ ಕೆಲಸಗಾರ ನನ್ನ ಮಗನ ವಯಸ್ಸಿನವನು, ತಲೆ ನೆರೆತಿದೆ. ಹೆಸರು ಹೇಳಿದ, ಮರೆತೆ. ನನ್ನ ಮಟ್ಟಿಗೆ ಅವನು ಮೇಣದಪ್ಪ. ಡಾಕ್ಟರಮ್ಮ ಮೊದಲೇ ಫೋನು ಮಾಡಿದ್ದಳು.

ಎಲ್ಲ ಹೇಳಿದೆ. ಇಸ್ತ್ರಿಯನ್ನೂ ಹೇಳಿದೆ. ಅವನು ಬಿಲ್ಲೆಯನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ತಿರುಗಿಸಿದ. ಇಪ್ಪತ್ತು ವರ್ಷದಲ್ಲಿ ಇಲಿ ಕಡಿದದ್ದು ನೋಡಿದ್ದೇನೆ, ಕಾರಿನಲ್ಲಿ ಕರಗಿದ್ದು ನೋಡಿದ್ದೇನೆ, ಇದು ಹೊಸದು ಎಂದ. ಆಮೇಲೆ ಕೇಳಿದ್ದು ಒಂದೇ.

"ದಾರ ಯಾವ್ದಜ್ಜಿ? ಹತ್ತಿನಾ, ಪಾಲಿಸ್ಟರಾ?"

ಎರಡೂ ಎಂದೆ. ಬರೆದುಕೊಂಡ. ಬಯ್ಯುವ ಪದ್ಧತಿಯೇ ಹೋಗಿಬಿಟ್ಟಿದೆ ಈ ಕಾಲದಲ್ಲಿ.

ಮೇಲ್ಮೈ ಕೆಟ್ಟಿದೆ, ಅದನ್ನು ಕೆರೆದು ತೆಗೆಯಲೇಬೇಕು, ಹಾಗೆ ಮಾಡಿದರೆ ಮಾಂಸವೂ ಹೋಗುತ್ತದೆ ಎಂದು ವಿವರಿಸಿದ. ಅದಕ್ಕೇ ಒಂದು ಉಪಾಯ ಮಾಡಿದ. ಬಿಲ್ಲೆಯನ್ನು ಕರಗಿಸಿ, ತುಣುಕನ್ನು ಚಿಮುಟದಲ್ಲಿ ಎತ್ತಿ, ಮಗುಚಿ, ಹೊಸ ಮೇಣದಲ್ಲಿ ಕೂರಿಸಿದ. ಕೆಟ್ಟ ಮೈ ಕೆಳಗೆ, ಯಾರೂ ಮುಟ್ಟದ ಹಿಂಬದಿ ಮೇಲೆ. ಹಳೆಯ ಅಂಗಿಯ ಕಾಲರು ಸವೆದರೆ ನಾವೂ ಬಿಚ್ಚಿ ಮಗುಚಿ ಹೊಲಿಯುವುದಿಲ್ಲವೇ, ಹಾಗೆ. ಹೇಳಿದೆ. ಹೌದು, ಅದೇ, ಎಂದ.

ಆರಿದ ಮೇಲೆ ಚಕ್ರ ತಿರುಗಿಸಿದ. ಬ್ಲೇಡಿನಿಂದ ಮೇಣದ ಪದರಗಳು ಲೇಸಿನಂತೆ ಇಳಿದವು, ಉಸಿರು ಬಿಟ್ಟರೆ ಹಾರಿಹೋಗುವಷ್ಟು ತೆಳು. ಅವನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಸಿ ಗಾಜಿನ ಪಟ್ಟಿಯ ಮೇಲೆ ಎತ್ತಿಕೊಂಡ. ನಾನು ಬಾಯಿಗೆ ಸೆರಗು ಹಿಡಿದು ಎಣಿಸಿದೆ. ಏಳಾಗುತ್ತಲೇ ನೀಲಿ ಎಳೆ ಕಂಡಿತು. ಅವನು ಚಕ್ರ ನಿಲ್ಲಿಸಿದ.

ಹತ್ತು ಬೇಕಿತ್ತಂತೆ. ಏಳರಲ್ಲೂ ಓದಲು ಪ್ರಯತ್ನಿಸುತ್ತಾರೆ, ಮಾತು ಕೊಡಲಾಗುವುದಿಲ್ಲ ಎಂದ. ಅವಳ ರಕ್ತವನ್ನೂ ತೆಗೆದುಕೊಂಡರು, ಹೋಲಿಸಿ ನೋಡಲು. ಫಲಿತಾಂಶಕ್ಕೆ ಮೂರು ವಾರ.

ಆ ಮೂರು ಪದರ ಎಲ್ಲಿದೆ ಎಂದು ನನಗೆ ಗೊತ್ತು. ಯಾರದೋ ಅಂಗಿಗಳಲ್ಲಿ ಇದೆ.

ಮಾರ್ಚ್ 19, ಬುಧವಾರ

ಎಂಟು, ಹನ್ನೆರಡು, ನಾಲ್ಕು. ಬೇರೆ ಏನಿಲ್ಲ.

ಮಾರ್ಚ್ 22, ಶನಿವಾರ

ದರ್ಜಿ ಎರಡು ಅಂಗಿ ವಾಪಸು ಕಳಿಸಿದ್ದಾನೆ, ಕಾಜಾ ಎಳೆ ಬಿಟ್ಟಿದೆಯಂತೆ. ನಲವತ್ತು ವರ್ಷದಲ್ಲಿ ಮೊದಲ ಸಲ. ಮೇಣವಿಲ್ಲದೆ ಹೊಲಿಯುತ್ತಿದ್ದೇನೆ. ಪೇಟೆಯಲ್ಲಿ ಮೇಣಕ್ಕೇನು ಬರವಿಲ್ಲ, ಅಂಗಡಿಯ ಮುಂದೆ ಎರಡು ಸಲ ನಿಂತು ಬಂದೆ. ಕೊಳ್ಳಲಾಗಲಿಲ್ಲ.

ಈ ಪುಟದಿಂದ ಗೆರೆ ಬಿಡದೆ ಬರೆಯುತ್ತಿದ್ದೇನೆ. ಕಾಗದ ಉಳಿಯುತ್ತದೆ.

ಮಾರ್ಚ್ 27, ಗುರುವಾರ

ಮೂರು ದಿನದಿಂದ ಅವಳಿಗೆ ನುಂಗುವುದು ಕಷ್ಟ. ಅನ್ನವನ್ನು ಹಾಲಿನಲ್ಲಿ ಕಿವುಚಿ ಚಮಚದಲ್ಲಿ ಕೊಡುತ್ತೇನೆ. ಗಲ್ಲವನ್ನು ಬೆರಳಿನಿಂದ ಆತುಹಿಡಿದರೆ ಅಗಿಯಲು ಸುಲಭ. ಒಂದು ಬಟ್ಟಲಿಗೆ ಮುಕ್ಕಾಲು ಗಂಟೆ. ಕೆಮ್ಮು ಬಂದರೆ ಇಬ್ಬರೂ ಹೆದರುತ್ತೇವೆ. ಆಸ್ಪತ್ರೆಗೆ ಫೋನು ಮಾಡಿದೆವು, ಗುಳಿಗೆ ಮೂರು ಗಂಟೆಗೊಮ್ಮೆ ಮಾಡಿದ್ದಾರೆ. ಎಂಟು, ಹನ್ನೊಂದು, ಎರಡು, ಐದು.

ಮಗ ಇವತ್ತು ಕೆಲಸಕ್ಕೆ ಹೊರಡುವಾಗ, ಅಮ್ಮಾ ನೀನು ತಿಂದೆಯಾ ಎಂದ. ಹನ್ನೆರಡು ದಿನಕ್ಕೆ ಮೊದಲ ಮಾತು. ತಿಂದೆ ಎಂದೆ. ತಿಂದಿರಲಿಲ್ಲ.

ಮಾರ್ಚ್ 30, ಭಾನುವಾರ

ಕನ್ನಡಕದ ಒಳಬದಿಗೆ ಒಂದು ಬಾಗಿದ ತಂತಿ ಬೆಸೆದರೆ ಅದು ಜೋಲುವ ರೆಪ್ಪೆಯನ್ನು ಎತ್ತಿ ಹಿಡಿಯುತ್ತದಂತೆ. ಇಂಥದ್ದೊಂದು ಉಂಟು ಎಂದು ನಮ್ಮ ಹುಡುಗಿಗೆ ಮೊದಲಿನಿಂದ ಗೊತ್ತಿತ್ತು. ಗಿರಾಕಿಗಳಿಗೆ ಮಾಡಿಕೊಟ್ಟಿದ್ದಳು, ತನಗೆ ಮಾಡಿಕೊಂಡಿರಲಿಲ್ಲ. ಯಾಕೆ ಎಂದರೆ, ಮನೆಯಲ್ಲಿ ನೋಡಿ ನಗುವವರಿದ್ದಾರೆ ಎಂದಳು. ಯಾರು ಎಂದು ನಾನು ಕೇಳಲಿಲ್ಲ.

ಅಂಗಡಿಯವರಿಗೆ ಚಿತ್ರ ಬರೆದು ಕಳಿಸಿದಳು, ಮಾಡಿ ಕಳಿಸಿದರು. ರೆಪ್ಪೆ ನಿಂತಿತು. ಆದರೆ ತಂತಿ ಚರ್ಮಕ್ಕೆ ಉಜ್ಜಿ ಸಂಜೆಗೆ ಕೆಂಪು ಗೆರೆ. ನಾನು ತಂತಿಗೆ ರೇಷ್ಮೆ ಎಳೆ ಸುತ್ತಿದೆ, ಒತ್ತೊತ್ತಾಗಿ, ಕಾಜಾದ ಅಂಚಿನ ಹಾಗೆ. ಮೊದಲ ಸಲ ದಪ್ಪವಾಯಿತು, ಬಿಚ್ಚಿದೆ. ಎರಡನೇ ಸಲ ಗಂಟು ಕಣ್ಣಿನ ಕಡೆಗೆ ಬಂತು, ಬಿಚ್ಚಿದೆ. ನಾಲ್ಕನೇ ಸಲ ಕೂತಿತು. ಬೆಳಗಿನಿಂದ ಮಧ್ಯಾಹ್ನ ಅದೇ ಆಯಿತು, ದರ್ಜಿಯ ಅಂಗಿ ಹಾಗೇ ಬಿದ್ದಿವೆ.

ಹಾಕಿಕೊಂಡು ಕನ್ನಡಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು, ಬೆರಳಿನ ಸಹಾಯವಿಲ್ಲದೆ, ಸಂಜೆ ಆರು ಗಂಟೆಯಲ್ಲಿ.

"ಅತ್ತೆ, ಕನ್ನಡಕ ನಿಮಗೆ ಸ್ವಲ್ಪ ಎಡಕ್ಕೆ ವಾಲಿದೆ. ಕೊಡಿ, ಸರಿ ಮಾಡ್ತೀನಿ."

ಕೊಟ್ಟೆ. ಕಡ್ಡಿಯನ್ನು ಒಂದು ಚೂರು ಬಗ್ಗಿಸಿ ಮತ್ತೆ ತಾನೇ ನನ್ನ ಕಿವಿಗೆ ಸಿಕ್ಕಿಸಿದಳು. ಗುಬ್ಬಿ ನೋಡುತ್ತ ನಿಂತಿದ್ದಳು. ಏನು ನೋಡುತ್ತೀಯೇ, ಓದಿಕೋ ಹೋಗು ಎಂದು ಗದರಿದೆ.

ಏಪ್ರಿಲ್ 8, ಮಂಗಳವಾರ

ಮೂರು ವಾರ ನಿನ್ನೆಗೇ ಮುಗಿಯಿತು. ಫೋನು ಬಂದಿಲ್ಲ. ಮೇಣದಪ್ಪನ ನಂಬರು ಇದೆ, ಮಾಡಲು ಧೈರ್ಯವಿಲ್ಲ. ಏಳು ಸಾಲಲಿಲ್ಲ ಎಂದರೆ ಏನು ಮಾಡುವುದು? ಆ ಅರವತ್ತು ಅಂಗಿ ಎಲ್ಲೆಲ್ಲಿವೆ ಎಂದು ದರ್ಜಿಯನ್ನು ಕೇಳಿ ಮನೆಮನೆಗೆ ಹೋಗಿ ಕಾಜಾ ಬಿಚ್ಚಿ ತಂದೇನು ಎಂದುಕೊಂಡೆ. ಹುಚ್ಚು. ಆದರೂ ಎಷ್ಟೋ ಹೊತ್ತು ಅದನ್ನೇ ಯೋಚಿಸಿದೆ, ಯಾವ ಮನೆಯಿಂದ ಶುರು ಮಾಡುವುದು ಎಂದು ಕೂಡ.

ಏಪ್ರಿಲ್ 11, ಶುಕ್ರವಾರ

ಎಂಟು, ಹನ್ನೊಂದು, ಎರಡು, ಐದು.

ಓದಲು ಬಂತಂತೆ.

ಡಾಕ್ಟರಮ್ಮ ಹನ್ನೆರಡು ಪುಟದ ವರದಿಯನ್ನು ಮೇಜಿನ ಮೇಲೆ ಹರಡಿದಳು. ನೂರಾರು ಸಾಲು, ಎಲ್ಲದರ ಮುಂದೆ ಏನೂ ಇಲ್ಲ, ಏನೂ ಇಲ್ಲ. ಒಂದು ಸಾಲಿನ ಮೇಲೆ ಮಾತ್ರ ಹಳದಿ ಬಣ್ಣ. ಆ ಗೆರೆ ಸೊಟ್ಟ ಬಿದ್ದಿದೆ. ಅದಕ್ಕೆ ಗುಳಿಗೆ ಇದೆ, ಬೇರೆ ಕಾಯಿಲೆಗೆ ಕೊಡುವಂಥದ್ದು, ಈ ಗಡ್ಡೆಗೂ ಕೆಲವರಲ್ಲಿ ಹಿಡಿದಿದೆ. ಮಗ ಮುಖ ಮುಚ್ಚಿಕೊಂಡ. ಡಾಕ್ಟರಮ್ಮ ಅವನನ್ನು ಅಷ್ಟಕ್ಕೇ ಬಿಡಲಿಲ್ಲ. ಇದು ಗುಣಪಡಿಸುವ ಗುಳಿಗೆಯಲ್ಲ, ತಡೆಯುವ ಗುಳಿಗೆ. ಕೆಲವರಲ್ಲಿ ತಡೆಯುವುದೂ ಇಲ್ಲ. ತಡೆದರೂ ಒಂದು ವರ್ಷವೋ ಎರಡೋ, ಆಮೇಲೆ ಗಡ್ಡೆ ಬೇರೆ ದಾರಿ ಹುಡುಕಿಕೊಳ್ಳುತ್ತದೆ. ಎಲ್ಲವನ್ನೂ ಇವಳ ಕಣ್ಣು ನೋಡಿಯೇ ಹೇಳಿದಳು. ಇವಳು ತಂತಿಯ ಕನ್ನಡಕದಲ್ಲಿ ನೆಟ್ಟಗೆ ಕೂತು ಕೇಳಿಸಿಕೊಂಡಳು. ಗುಬ್ಬಿಗೆ ಈಗ ಹನ್ನೆರಡು, ಎರಡು ವರ್ಷಕ್ಕೆ ಹದಿನಾಲ್ಕು ಎಂದಳು. ಯಾರಿಗೆ ಹೇಳಿದಳೋ ತಿಳಿಯಲಿಲ್ಲ.

ನಾನು ಒಂದು ಪ್ರಶ್ನೆ ಕೇಳಿದೆ. ಅದರಲ್ಲಿ ನಾನೇನಾದರೂ ಬೆರೆತಿದ್ದೇನಾ ಎಂದು.

ಡಾಕ್ಟರಮ್ಮ ಕೊನೆಯ ಪುಟ ತಿರುಗಿಸಿದಳು. ರಕ್ತದ ಜೊತೆ ಹೋಲಿಸಿ ನೋಡಿದ್ದಾರೆ, ಪೂರ್ತಿ ಅವರದೇ, ಬೇರೊಬ್ಬರ ಗುರುತು ಎಳ್ಳಷ್ಟೂ ಇಲ್ಲ, ನೀವು ನೆಮ್ಮದಿಯಾಗಿರಿ ಎಂದಳು.

ನೆಮ್ಮದಿಯಾಗಬೇಕಿತ್ತು. ಆಯಿತು ಕೂಡ. ಆದರೆ ಬಸ್ಸಿನಲ್ಲಿ ಬರುವಾಗ ಏನೋ ಒಂದು ಚುಚ್ಚುತ್ತಲೇ ಇತ್ತು. ಎರಡು ತಿಂಗಳು ನನ್ನ ಕೈಯಲ್ಲೇ ಇತ್ತು, ದಿನಕ್ಕೆ ಇಪ್ಪತ್ತು ಸಲ ಹಿಡಿದಿದ್ದೇನೆ. ನನ್ನದು ಏನೂ ಅಂಟಲಿಲ್ಲವಂತೆ.

ಏಪ್ರಿಲ್ 14, ಸೋಮವಾರ

ಹೊಸ ಗುಳಿಗೆ ಶುರು. ಊಟದ ಜೊತೆಗೆ, ದೊಡ್ಡ ಲೋಟ ನೀರಿನಲ್ಲಿ. ಪುಸ್ತಕದಲ್ಲಿ ಅದಕ್ಕೊಂದು ಬೇರೆ ಸಾಲು ಹಾಕಿದ್ದೇನೆ.

ಮೇ 6, ಮಂಗಳವಾರ

ಮುಖ ಊದಿದೆ, ವಾಂತಿ. ಎರಡು ದಿನ ಒಂದು ತುತ್ತೂ ನಿಲ್ಲಲಿಲ್ಲ. ಇದೆಲ್ಲ ನಿಲ್ಲಿಸಿಬಿಡೋಣವೇ ಅತ್ತೆ ಎಂದಳು. ನಾನು ಬೆನ್ನು ನೀವುತ್ತಾ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಲೋಟಕ್ಕೆ ಕೈಚಾಚಿದಳು.

ಮೇ 19, ಸೋಮವಾರ

ಎಂಟು, ಹನ್ನೊಂದು, ಎರಡು, ಐದು. ಊಟದ ಜೊತೆಗಿನದು. ತಿಂದಳು, ನಿಂತಿತು.

ಜೂನ್ 12, ಗುರುವಾರ

ಸ್ಕ್ಯಾನಿನ ಫಲಿತಾಂಶ ಬಂತು. ದೊಡ್ಡ ಚೂರು ಇಪ್ಪತ್ತೆರಡು ಇದ್ದದ್ದು ಹದಿನಾರು ಆಗಿದೆ, ಮಿಲಿಮೀಟರಿನಲ್ಲಿ. ಎರಡು ಕರಗಿವೆ, ಉಳಿದವು ಇದ್ದ ಹಾಗೇ ಇವೆ. ಹೊಸದು ಇಲ್ಲ. ಡಾಕ್ಟರಮ್ಮ, ಸದ್ಯಕ್ಕೆ ಗುಳಿಗೆ ಕೆಲಸ ಮಾಡುತ್ತಿದೆ ಎಂದಳು. 'ಸದ್ಯಕ್ಕೆ' ಎನ್ನುವುದನ್ನು ಮಗ ಕೇಳಿಸಿಕೊಳ್ಳಲಿಲ್ಲ. ನಾವಿಬ್ಬರೂ ಕೇಳಿಸಿಕೊಂಡೆವು. ಬಸ್ಸಿನಲ್ಲಿ ಅವಳು ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದಳು. ಭುಜ ಜೋಮು ಹಿಡಿಯಿತು. ಎರಡು ಸ್ಟಾಪು ಮುಂದೆ ಹೋಗಿ ಇಳಿದು ನಡೆದು ಬಂದೆವು, ಎಬ್ಬಿಸಲು ಮನಸ್ಸಾಗಲಿಲ್ಲ, ಅದಕ್ಕೆ.

ಮಧ್ಯಾಹ್ನ ಹೊಲಿಗೆ ಪೆಟ್ಟಿಗೆ ತೆರೆದೆ. ದಾರದ ಉಂಡೆಗಳ ನಡುವೆ ಒಂದು ಹೊಸ ಮೇಣದ ಬಿಲ್ಲೆ, ಕಾಗದದಲ್ಲಿ ಸುತ್ತಿದ್ದು. ಕಾಗದದ ಮೇಲೆ ಸ್ಕೆಚ್ ಪೆನ್ನಿನಲ್ಲಿ ಅವಳ ಕೈಬರಹ, ಒಂದೊಂದು ಅಕ್ಷರ ಹೆಬ್ಬೆರಳಿನಷ್ಟು ದಪ್ಪ. ಬರಿಗಣ್ಣಿಗೂ ಕಾಣುವ ಹಾಗೆ ಬರೆದಿದ್ದಳು. ನಾನು ಕನ್ನಡಕ ಹಾಕಿಕೊಂಡೇ ಓದಿದೆ.

"ಮೇಣ. ಇದು ನಾನಲ್ಲ."

ದಾರ ತೆಗೆದು ಸವರಿದೆ. ಮೂರು ತಿಂಗಳ ಮೇಲೆ ಮೊದಲ ಸಲ. ಕಾಗದವನ್ನು ಎಸೆಯಲಿಲ್ಲ, ಈ ಪುಟಕ್ಕೆ ಎರಡು ಹೊಲಿಗೆ ಹಾಕಿ ಸೇರಿಸಿದ್ದೇನೆ.

ಐದು ಗಂಟೆಯ ಗುಳಿಗೆ ಕೊಟ್ಟೆ. ಹೊತ್ತಿಗೆ ಸರಿಯಾಗಿ.